ಅಮ್ಮ ತಿಕ್ಕದ ರೂಪಾಯಿ

ಅಮ್ಮ ತಿಕ್ಕದ ಸಾಮಾನು ನಮ್ಮ ಮನೆಯಲ್ಲಿ ಒಂದೇ ಇತ್ತು. ಉಳಿದದ್ದೆಲ್ಲ ಅವಳ ಕೈಗೆ ಸಿಕ್ಕಿ ಸವೆದದ್ದೇ. ದೇವರ ದೀಪ, ಹಿತ್ತಾಳೆ ಚೆಂಬು, ಗಂಜಿ ಕುಡಿಯುವ ಬಟ್ಟಲು, ಹೊಸಿಲು, ನಾನು. ನನ್ನನ್ನು ಬಚ್ಚಲಿನ ಕಲ್ಲಿನ ಮೇಲೆ ಕೂರಿಸಿ ತೆಂಗಿನ ನಾರಿನಿಂದ ಬೆನ್ನು ಉಜ್ಜುತ್ತಿದ್ದಳು. ಚರ್ಮ ಕೆಂಪಾಗದಿದ್ದರೆ ಮಿಂದದ್ದು ಮಿಂದ ಹಾಗಲ್ಲ ಎಂದು ಅವಳ ಲೆಕ್ಕ. ಅತ್ತರೆ ಅದೇ ಕೈಯಲ್ಲಿ ಒಂದು ಏಟು. ನಾನು ಒರಟಿ, ಬಾಯಿ ಜೋರು ಎಂದು ಅಮೇರಿಕದ ಕೆಂಟ್‌ನಲ್ಲಿ ಮಗಳ ಮನೆಗೆ ಬರುವ ಹೆಂಗಸರು ಹೇಳುತ್ತಾರಂತೆ. ಇರಬಹುದು. ಆ ಕಲ್ಲಿನ ಮೇಲೆ ಕೂತು ಎದ್ದವಳು ಮೆತ್ತಗೆ ಇರುವುದು ಹೇಗೆ? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸಿ ಬರೆಯುತ್ತೇನೆ, ತಪ್ಪಿದ್ದನ್ನು ಮಗಳು ತಿದ್ದುತ್ತಾಳೆ. ಅಕ್ಷರ ತಿದ್ದು, ವಿಷಯ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮ ಮನೆ ಕುಂದಾಪುರದ ಹೊಳೆಯ ಆಚೆ ದಡದಲ್ಲಿತ್ತು. ಸಮುದ್ರ ಏರಿದಾಗ ಹೊಳೆಯ ನೀರು ಉಪ್ಪಾಗಿ ಹಿತ್ತಿಲಿನವರೆಗೆ ಬರುತ್ತಿತ್ತು, ಇಳಿದಾಗ ಬರೀ ಕೆಸರು ಮತ್ತು ಏಡಿ. ಮುಂದೆ ಒಂದು ಚಾವಡಿ, ಅದರ ಹಿಂದೆ ದೇವರ ಗೂಡು ಇರುವ ಕತ್ತಲೆಯ ಕೋಣೆ, ಅದರ ಹಿಂದೆ ಅಡುಗೆಮನೆ, ಬಚ್ಚಲು. ಇದ್ದವರು ಹೆಂಗಸರೇ. ಅಪ್ಪಯ್ಯನ ತಾಯಿ, ಅಂದರೆ ನನ್ನ ಅಜ್ಜಿ, ಅಮ್ಮ, ನಾನು. ಅಪ್ಪಯ್ಯ ಸರಕಿನ ಹಡಗಿನಲ್ಲಿ ಭಂಡಾರಿ, ಖಲಾಸಿಗಳಿಗೆ ಅನ್ನ ಬೇಯಿಸುವವನು. ವರ್ಷಗಟ್ಟಲೆ ಬರುತ್ತಿರಲಿಲ್ಲ. ಬಂದರೆ ಚಾವಡಿಯಲ್ಲಿ ಉಣ್ಣಲು ಕೂತು, ಅಮ್ಮ ಮಾಡಿದ ಮೀನುಸಾರಿಗೆ ಹುಳಿ ಹೆಚ್ಚಾಯಿತು ಎನ್ನುತ್ತಿದ್ದ. ಮರುದಿನ ತಾನೇ ಹೋಗಿ ಮೀನು ಕೊಯ್ಯುವ ಮೆಟ್ಟುಕತ್ತಿಯ ಮುಂದೆ ಕೂರುತ್ತಿದ್ದ. ಒಲೆ ಯಾರದ್ದು ಎಂದು ಇಬ್ಬರಿಗೂ ಜಗಳ. ಅವನ ಬಲಗೈ ಹೆಬ್ಬೆರಳಿನ ಮೇಲೆ ಓರೆಯಾಗಿ ಒಂದು ಗಾಯದ ಗೆರೆ ಇತ್ತು, ಹಡಗು ಓಲಾಡುವಾಗ ಚೂರಿ ಜಾರಿ ಕೊಯ್ದದ್ದು. ಸಹಿ ಹಾಕಲು ಬರುತ್ತಿರಲಿಲ್ಲ, ಸಂಬಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಬೇರೆಯವರ ಹೆಬ್ಬೆಟ್ಟು ಕದಿಯಬಹುದು, ನನ್ನದನ್ನು ಆಗುವುದಿಲ್ಲ, ನನ್ನದಕ್ಕೆ ಗೆರೆ ಇದೆ ಎಂದು ಬೆರಳಿಗೆ ಒಲೆಯ ಮಸಿ ಹಚ್ಚಿ ನನ್ನ ಅಂಗೈಗೆ ಒತ್ತಿ ತೋರಿಸುತ್ತಿದ್ದ. ಅಂಗೈ ತೊಳೆಯದೆ ನಾನು ಓಡಾಡುತ್ತಿದ್ದೆ. ಸಂಜೆ ಅಮ್ಮ ಹಿಡಿದು ನಾರು ಹಾಕಿ ತಿಕ್ಕಿ ತೆಗೆಯುತ್ತಿದ್ದಳು.

ಆ ಹಡಗು ಅಮೇರಿಕದ ಗೋಧಿ ತುಂಬಿಕೊಂಡು ಬರುತ್ತಿತ್ತು. ತುಂಬುತ್ತಿದ್ದದ್ದು ಈಗ ನಾನಿರುವ ಊರಿನ ಪಕ್ಕದಲ್ಲೇ, ಸಿಯಾಟಲ್ ಬಂದರಿನಲ್ಲಿ. ಅಲ್ಲಿ ಬ್ಯಾಂಕಿಗೆ ಒಂದು ಕಾಗದದ ಡಾಲರು ಕೊಟ್ಟರೆ ಚೀಲದಿಂದ ತೆಗೆದು ಒಂದು ಬೆಳ್ಳಿಯ ಡಾಲರು ಕೊಡುತ್ತಿದ್ದರಂತೆ. ಅಪ್ಪಯ್ಯ ಒಂದೊಂದು ಸಲ ಬರುವಾಗಲೂ ಒಂದೊಂದು ತಂದ. ಮೊದಲನೆಯದು ಅಜ್ಜಿಗೆ, ಎರಡನೆಯದು ಅಮ್ಮನಿಗೆ, ಮೂರನೆಯದು ನನಗೆ. ನನ್ನ ಅಂಗೈ ತುಂಬ ಬರುವಷ್ಟು ದೊಡ್ಡದು, ಭಾರ. ಒಂದು ಬದಿಗೆ ದಪ್ಪ ಕೆನ್ನೆಯ, ಗುಂಗುರು ಕೂದಲಿನ ಹೆಂಗಸು. ಇನ್ನೊಂದು ಬದಿಗೆ ರೆಕ್ಕೆ ಬಿಚ್ಚಿದ ಹದ್ದು. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ, ಹೆಂಗಸು ಯಾರೋ ತನಗೆ ತಿಳಿಯದು, ಹಿಂದೆ ಇರುವುದು ಗರುಡ, ಗರುಡ ಇದ್ದಲ್ಲಿ ಲಕ್ಷ್ಮಿ ಅಲ್ಲದೆ ಇನ್ಯಾರು ಇರುತ್ತಾರೆ ಎಂದು ತೀರ್ಮಾನ ಮಾಡಿದಳು. ರೂಪಾಯಿಗಳು ದೇವರ ಗೂಡಿಗೆ ಹೋದವು. ಹಡಗಿನ ರೂಪಾಯಿ ಎಂದೇ ಅವಕ್ಕೆ ಹೆಸರು.

ದೇವರ ಗೂಡಿಗೆ ಹೋದ ಮೇಲೆ ಗುರುವಾರ ತಪ್ಪುವುದಿಲ್ಲ. ಶುಕ್ರವಾರದ ಪೂಜೆಗೆ ಗುರುವಾರ ಸಂಜೆಯೇ ಎಲ್ಲ ಬೆಳಗಬೇಕು. ಅಮ್ಮ ಹಿತ್ತಿಲಿನ ಕಲ್ಲಿನ ಮೇಲೆ ಸಾಮಾನು ಸುರಿದುಕೊಂಡು, ನೆನೆಸಿದ ಹುಣಸೆಹುಳಿ ಮತ್ತು ಒಲೆಬೂದಿ ಸೇರಿಸಿ ನಾರಿನ ಉಂಡೆಯಿಂದ ತಿಕ್ಕುತ್ತಿದ್ದಳು. ದೀಪಕ್ಕೆ ಹೇಗೋ ರೂಪಾಯಿಗೂ ಹಾಗೆಯೇ. ಎಡಗೈ ಅಂಗೈಯಲ್ಲಿ ಇಟ್ಟು ಬಲಗೈ ಹೆಬ್ಬೆರಳಿನಿಂದ ಗುಂಡಗೆ, ಗುಂಡಗೆ, ಅರೆಯುವ ಕಲ್ಲಿನ ಹಾಗೆ. ಹುಳಿನೀರು ಕಪ್ಪಾಗಿ ಮೊಣಕೈವರೆಗೆ ಇಳಿಯುತ್ತಿತ್ತು. ತೊಳೆದು ಸೆರಗಿನಿಂದ ಒರೆಸಿದರೆ ಕಣ್ಣು ಕುಕ್ಕುವ ಹೊಳಪು. ಮರುದಿನ ಬೆಳಿಗ್ಗೆ ಆ ಹೆಂಗಸಿನ ಹಣೆಗೆ ಕುಂಕುಮ. ಗಂಡ ಸಮುದ್ರದ ಮೇಲಿದ್ದಾನೆ, ಇವಳು ಅವನು ಕೊಟ್ಟದ್ದನ್ನು ತಿಕ್ಕುತ್ತಿದ್ದಾಳೆ. ಅವನ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದಿಲ್ಲ. ತಿಕ್ಕಿದ್ದನ್ನು ನೋಡಿದ್ದೇನೆ.

ಅಪ್ಪಯ್ಯ ಹಡಗಿನಲ್ಲೇ ಜ್ವರ ಬಂದು ಸತ್ತ. ಹೆಣ ಸಮುದ್ರಕ್ಕೆ ಹಾಕಿದರಂತೆ. ಅವನ ಜೊತೆ ಕೆಲಸ ಮಾಡುತ್ತಿದ್ದ ನಮ್ಮ ಕಡೆಯವನೇ ಒಬ್ಬ ಖಲಾಸಿ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದು ಚಾವಡಿಯಲ್ಲಿ ಇಳಿಸಿದ. ಒಳಗೆ ಅಂಗಿ, ಪಂಚೆ, ಅರ್ಧ ಖಾಲಿಯಾದ ಮೆಣಸಿನ ಪುಡಿಯ ಡಬ್ಬಿ, ಮತ್ತು ಮೈ ಒರೆಸುವ ಬೈರಾಸಿನ ಮೂಲೆಯಲ್ಲಿ ಗಂಟು ಕಟ್ಟಿದ ಇನ್ನೊಂದು ಹಡಗಿನ ರೂಪಾಯಿ. ಅಮ್ಮ ಆಗ ತುಂಬಿದ ಬಸುರಿ. ಈ ರೂಪಾಯಿ ಹುಟ್ಟುವ ಮಗುವಿಗೆ ಎಂದು ಅವನು ಜ್ವರದಲ್ಲೂ ಹೇಳುತ್ತಿದ್ದನೆಂದು ಖಲಾಸಿ ಹೇಳಿ ಹೋದ. ಅಜ್ಜಿ ಎದೆ ಬಡಿದುಕೊಂಡು ಅತ್ತಳು. ಅಮ್ಮ ಗಂಟು ಬಿಚ್ಚಿ ರೂಪಾಯಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಪಂಚೆಯಿಂದ ಒಂದು ತುಂಡು ಹರಿದು ಅದರಲ್ಲಿ ಸುತ್ತಿ ದೇವರ ಗೂಡಿನ ಹಿಂದಕ್ಕೆ ತಳ್ಳಿದಳು. ಅದಾಗಿ ಸ್ವಲ್ಪ ದಿನಕ್ಕೆ ನನ್ನ ತಂಗಿ ಚಂದ್ರಾವತಿ ಹುಟ್ಟಿದಳು. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಅಜ್ಜಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಅಪ್ಪನ್ನ ತಿಂದ್ಕಂಡೇ ಹುಟ್ಟಿತ್."

ಅಮ್ಮ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಚಂದುವನ್ನು ಅಮ್ಮ ಉಪವಾಸ ಕೆಡವಲಿಲ್ಲ, ಬೈಯಲಿಲ್ಲ. ಹೊಡೆಯಲೂ ಇಲ್ಲ, ಅದೇ ತೊಂದರೆಯಾದದ್ದು. ನನಗೆ ದಿನಾ ಬೀಳುತ್ತಿತ್ತು, ಅವಳಿಗೆ ಒಂದೂ ಇಲ್ಲ. ಮೀಯಿಸುವುದೂ ನನ್ನ ಕೆಲಸವಾಯಿತು. ನೀನೇ ಮೀಯಿಸು ಎಂದು ಅಮ್ಮ ಬಚ್ಚಲಿನ ಬಾಗಿಲಿಂದಲೇ ಹೋಗಿಬಿಡುತ್ತಿದ್ದಳು. ನಾನೂ ಚಿಕ್ಕವಳು, ನನ್ನ ಕೈಯಲ್ಲಿ ಅಷ್ಟು ಬಲ ಎಲ್ಲಿ? ಚಂದು ನನ್ನ ಕೆಂಪಾದ ಬೆನ್ನನ್ನು ಮುಟ್ಟಿ ನೋಡುತ್ತಿದ್ದಳು. ಗಂಜಿ ಉಣ್ಣುವಾಗ ನನಗೆ ಬಿದ್ದ ಹಾಗೆ ತನಗೂ ಬೀಳಲಿ ಎಂದು ಬೇಕೆಂದೇ ಬಟ್ಟಲು ಮಗುಚಿದ್ದು ನೋಡಿದ್ದೇನೆ. ಅಮ್ಮ ಚೆಲ್ಲಿದ್ದನ್ನು ಒರೆಸಿ, ಬೇರೆ ಗಂಜಿ ಬಡಿಸಿ, ಎದ್ದುಹೋದಳು. ಹುಡುಗಿ ಬಡಿಸಿದ್ದನ್ನು ಮುಟ್ಟಲಿಲ್ಲ.

ಒಂದು ಗುರುವಾರ ಚಂದು ಹಿತ್ತಿಲಿನ ಕಲ್ಲಿನ ಹತ್ತಿರ ಹೋಗಿ ಕೂತಳು. ಕೈಯಲ್ಲಿ ಬಟ್ಟೆಯ ಗಂಟು. ಗೂಡಿನ ಹಿಂದೆ ಕೈ ಹಾಕಿ ತೆಗೆದುಕೊಂಡು ಬಂದಿದ್ದಳು. ನಾನು ಪಾತ್ರೆಗೆ ನೀರು ಹೊಯ್ಯುತ್ತಿದ್ದೆ.

"ಅಮ್ಮ, ನನ್ನದ್ ಎಂತಕೆ ತಿಕ್ಕುದಿಲ್ಲೆ?"

"ಅದ್ ಹಾಂಗೇ ಇರ್ಲಿ."

"ಅಕ್ಕಂದ್ ತಿಕ್ಕಿದ್ರಿ. ಅಜ್ಜಿದೂ ತಿಕ್ಕಿದ್ರಿ."

"ಒಳ್ಗ್ ಇಟ್ ಬಾ. ಅದ್ರ ತಂಟೆಗ್ ಹೋಯ್ಬೇಡ."

ಅಷ್ಟೇ ಮಾತು. ಚಂದು ಗಂಟು ಬಿಚ್ಚಿ ರೂಪಾಯಿಯನ್ನು ಹುಳಿನೀರಿಗೆ ಹಾಕಲು ಹೊರಟಳು. ಅಮ್ಮ ಅವಳ ಮಣಿಕಟ್ಟು ಹಿಡಿದು ಕಿತ್ತುಕೊಂಡಳು. ಕಿತ್ತುಕೊಂಡದ್ದು ಹೇಗೆ ಎಂದು ನಾನು ಆವತ್ತೇ ನೋಡಿದ್ದೆ, ಅರ್ಥವಾಗಲಿಲ್ಲ. ಎರಡು ಬೆರಳಲ್ಲಿ, ಅಂಚು ಮಾತ್ರ ಹಿಡಿದು, ಬಿಸಿ ದೋಸೆ ಎತ್ತುವ ಹಾಗೆ. ಚೆಂಬನ್ನೂ ಮಗುವನ್ನೂ ಪೂರ್ತಿ ಕೈ ಹಾಕಿ ಹಿಡಿಯುವ ಹೆಂಗಸು ಅದೊಂದನ್ನು ಅಂಚಿನಲ್ಲಿ ಹಿಡಿದಿದ್ದಳು. ಚಂದು ನೋಡಿದ್ದು ಬೇರೆ. ಅಮ್ಮನಿಗೆ ತನ್ನ ರೂಪಾಯಿ ಮುಟ್ಟಲಿಕ್ಕೂ ಹೇಸಿಗೆ ಎಂದು ಅವಳು ತಿಳಿದಳು. ತಾನು ಅಪ್ಪನನ್ನು ತಿಂದವಳು, ಅದಕ್ಕೇ ತನ್ನದು ದೇವರ ಹಿಂದೆ ಕಪ್ಪಾಗಿ ಬಿದ್ದಿರಬೇಕು. ಆರು ವರ್ಷದ ಹುಡುಗಿ ಹಾಗೆ ಕಟ್ಟಿಕೊಂಡ ಮಾತನ್ನು ಮುದುಕಿಯಾದರೂ ಬಿಚ್ಚಲಿಲ್ಲ.

ಬಿಚ್ಚಲಿಕ್ಕೆ ನಾನು ನೋಡಿದ್ದೇನೆ. ನಾನು ಮದುವೆಯಾಗಿ ಬೆಂಗಳೂರಿಗೆ, ಗಂಡನ ಹೋಟೆಲಿಗೆ ಹೋದೆ. ಅವಳು ಊರಿನಲ್ಲೇ ಉಳಿದಳು. ಕೊನೆಗೆ ಅಮ್ಮನ ಮಲ ಮೂತ್ರ ಬಾಚಿದವಳು ಅವಳೇ. ಅಮ್ಮ ಸತ್ತ ಮೇಲೆ ಅವರವರ ರೂಪಾಯಿ ಅವರವರು ತೆಗೆದುಕೊಳ್ಳುವ ಎಂದಾಗ ಚಂದು ತನ್ನದನ್ನು ನನ್ನ ಕಡೆ ತಳ್ಳಿದಳು. ಆ ಕಪ್ಪು ಬಿಲ್ಲೆ ನನಗೆ ಬೇಡ, ನೀನೇ ಇಟ್ಟುಕೋ ಎಂದಳು. ಜಗಳ ಆಯಿತು. ಅಮ್ಮ ಅಂಥವಳಲ್ಲ ಎಂದೆ. ನಿನಗೆ ಬೆನ್ನು ಕೆಂಪಾಗುವಷ್ಟು ಸಿಕ್ಕಿದೆ, ನೀನು ಹೇಳುತ್ತೀ ಎಂದಳು. ಅಜ್ಜಿಯದು, ಅಮ್ಮನದು ಸೇರಿ ನಾಲ್ಕೂ ನನ್ನ ಜೊತೆ ಬಂದವು, ಗಂಡ ಹೋದ ಮೇಲೆ ಮಗಳ ಬೆನ್ನಿಗೆ ಕೆಂಟ್‌ಗೂ ಬಂದವು.

ಹೋದ ವರ್ಷ ಚಂದುವಿನ ಎರಡೂ ಕಿಡ್ನಿ ಕೈಕೊಟ್ಟವು. ಅವಳು ಡಯಾಲಿಸಿಸ್ ಮೇಲೆ. ನನ್ನ ಹೃದಯದ ಡಾಕ್ಟರು ವಿಮಾನ ಹತ್ತಬೇಡಿ ಎಂದಿದ್ದಾರೆ. ಹಾಗಾಗಿ ಇನ್ನು ಅವಳ ಮುಖ ಫೋನಿನಲ್ಲೇ. ಮಾತಾಡುತ್ತಾ ಆಡುತ್ತಾ ಅದೇ ಬರುತ್ತದೆ, ಅಮ್ಮನಿಗೆ ತಾನು ಬೇಡವಾಗಿದ್ದೆ ಎಂದು. ಸಾಯುವವಳು ಇದನ್ನು ಕಟ್ಟಿಕೊಂಡು ಹೋಗುತ್ತಾಳಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಮಗಳು ವಸಂತಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗೀರು ಬಿರುಕು ಪರೀಕ್ಷೆ ಮಾಡುವವಳು. ಹಳೆ ನಾಣ್ಯ ನೋಡುವ ಅಂಗಡಿ ಹತ್ತಿರದಲ್ಲೇ ಇದೆ, ಇವು ಏನೆಂದಾದರೂ ತಿಳಿಯೋಣ ಎಂದು ಒಂದು ಶನಿವಾರ ಅವಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ನನಗೆ ಬೇಕಿರಲಿಲ್ಲ. ಮನೆಯಲ್ಲಿ ಕೂತು ಮಾಡುವುದೂ ಏನಿರಲಿಲ್ಲ.

ಅಂಗಡಿಯವನು ನನ್ನಷ್ಟೇ ವಯಸ್ಸಾದ ಬಿಳಿಯ. ಮೇಜಿನ ಮೇಲೆ ಒಂದು ದೀಪ, ಮೆತ್ತಗಿನ ಬಟ್ಟೆ, ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ. ನನ್ನ ರೂಪಾಯಿಯನ್ನು ಎರಡು ಬೆರಳಲ್ಲಿ, ಅಂಚಿನಲ್ಲಿ ಹಿಡಿದು ಎತ್ತಿದ. ಹಾಗೆ ಹಿಡಿದದ್ದನ್ನು ನಾನು ಜೀವಮಾನದಲ್ಲಿ ಒಂದೇ ಸಲ ನೋಡಿದ್ದೆ. ವಸಂತಿ ಕೇಳಿ ಕೇಳಿ ನನಗೆ ಹೇಳುತ್ತಾ ಹೋದಳು. ಮೊದಲು ನೋಡುವುದು ಎತ್ತರದ ಜಾಗಗಳನ್ನು, ಸವೆತ ಅಲ್ಲೇ ಶುರುವಾಗುವುದು: ಹೆಂಗಸಿನ ಕೆನ್ನೆ, ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ. ಆಮೇಲೆ ದೀಪದ ಕೆಳಗೆ ಓರೆ ಮಾಡಿ ತಿರುಗಿಸುವುದು. ಟಂಕಸಾಲೆಯಿಂದ ಬಂದ ಹಾಗೇ ಉಳಿದಿದ್ದರೆ ಬೆಳಕು ಗಾಡಿಚಕ್ರದ ಅರಗಳಂತೆ ಸುತ್ತು ತಿರುಗುತ್ತದೆ. ಅದನ್ನೆಲ್ಲ ನೋಡಿ ಎಪ್ಪತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುತ್ತಾರೆ. ನಮ್ಮ ಮೂರನ್ನೂ ಅವನು ಬೇಗ ಬೇಗ ನೋಡಿ ಬಟ್ಟೆಯ ಮೇಲೆ ಇಟ್ಟ. ಬೆಳಕು ತಿರುಗಲಿಲ್ಲ. ಕೆನ್ನೆಯ ಮೇಲೆಲ್ಲ ಕೂದಲೆಳೆಯಂಥ ಗೀರುಗಳು, ಗುಂಡಗೆ, ಗುಂಡಗೆ.

"ಅಮ್ಮಾ, ಇದಕ್ಕೆ ಮಾರ್ಕೇ ಹಾಕಲ್ವಂತೆ. ಕ್ಲೀನ್ ಮಾಡಿಬಿಟ್ಟಿದಾರೆ, ಹಾಳಾಗಿದೆ ಅಂತಿದಾರೆ. ಏನ್ ಹಾಕಿ ತಿಕ್ಕಿದ್ರಿ ಅಂತ ಕೇಳ್ತಿದಾರೆ."

ಹುಣಸೆಹುಳಿ, ಒಲೆಬೂದಿ ಎಂದೆ. ವಸಂತಿ ಹೇಳಿದಳು. ಅವನಿಗೆ ನಂಬಿಕೆ ಬರಲಿಲ್ಲ, ಊಟಕ್ಕೆ ಹಾಕುವ ಹುಳಿಯಾ ಎಂದು ಕೇಳಿದ. ಹೌದು, ಮೀನುಸಾರಿಗೂ ಅದೇ, ದೇವರಿಗೂ ಅದೇ ಎಂದೆ. ಅವನು ಭೂತಗನ್ನಡಿ ಕೆಳಗಿಟ್ಟು ಸ್ವಲ್ಪ ಹೊತ್ತು ಕಣ್ಣುಜ್ಜಿಕೊಂಡ. ನನಗೆ ಸಿಟ್ಟು ಬಂತು. ಅದು ಹಾಳಲ್ಲ, ಅದು ನಮ್ಮ ಅಮ್ಮ ಎಂದು ಹೇಳು ಎಂದೆ. ವಸಂತಿ ಅದನ್ನು ಹೇಳಲಿಲ್ಲ.

ಚಂದುವಿನದನ್ನು ಕೊನೆಗೆ ಕೊಟ್ಟೆ, ಬಟ್ಟೆ ಸಮೇತ. ಅವನು ಬಿಚ್ಚಿದ. ದೀಪವನ್ನು ಹತ್ತಿರ ಎಳೆದುಕೊಂಡ. ಅಂಚಿನಲ್ಲೆಲ್ಲ ಕಪ್ಪು, ಒಳಗೆ ಬರುತ್ತಾ ನೇರಳೆ, ಹಳದಿ, ನಡುವೆ ಹಾಲಿನಂಥ ಬಿಳುಪು. ಓರೆ ಮಾಡಿದ ಕೂಡಲೇ ಬೆಳಕು ಸುತ್ತು ತಿರುಗಿತು, ನನಗೂ ಕಂಡಿತು. ಕೂದಲಿನ ಎಳೆ ಎಳೆ ನಿಂತಿದೆ. ಎಪ್ಪತ್ತಕ್ಕೆ ಅರವತ್ತೆರಡು ಎಂದ. ಇನ್ನೂ ಹೆಚ್ಚು ಬರುತ್ತಿತ್ತಂತೆ, ಒಂದು ಕುಂದು ಇದೆ. ಬ್ಯಾಂಕಿನ ಚೀಲದಿಂದ ಹೊರಬಂದ ಮೊದಲ ದಿನಗಳಲ್ಲೇ ಯಾರೋ ಕೆನ್ನೆಯ ಪಕ್ಕ ಬೆರಳು ಒತ್ತಿದ್ದಾರೆ. ಬೆವರಿನ ಗುರುತು ಬೆಳ್ಳಿಯೊಳಗೆ ಕೂತುಬಿಟ್ಟಿದೆ. ನೋಡುತ್ತೀರಾ ಎಂದು ಕನ್ನಡಿ ನನ್ನ ಕೈಗೆ ಕೊಟ್ಟ. ನೋಡಿದೆ. ಕಂದು ಬಣ್ಣದ ಹೆಬ್ಬೆಟ್ಟು, ಗೆರೆ ಗೆರೆಯಾಗಿ, ಸಂಬಳದ ಕಾಗದದ ಮೇಲಿನ ಹಾಗೆ. ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಗೀಟು ಎಳೆದ ಹಾಗೆ.

ನನ್ನ ಅಂಗೈ ಬಿಚ್ಚಿ ನೋಡಿಕೊಂಡೆ. ಅಲ್ಲೇನೂ ಇರಲಿಲ್ಲ, ಇರುವುದಾದರೂ ಹೇಗೆ. ಜ್ವರದ ಕೈಯಲ್ಲಿ ಹಿಡಿದಿದ್ದನೋ, ಬ್ಯಾಂಕಿನಿಂದ ಈಸಿಕೊಳ್ಳುವಾಗಲೋ, ಅಪ್ಪಯ್ಯ ಚಂದುವಿಗೆ ಸಹಿ ಹಾಕಿ ಕಳಿಸಿದ್ದ. ಗಂಟು ಬಿಚ್ಚಿದ ದಿನವೇ ಅಮ್ಮ ಅದನ್ನು ನೋಡಿದ್ದಳು. ಅದಕ್ಕೇ ತಿಕ್ಕಲಿಲ್ಲ. ತಿಕ್ಕಿದರೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ನನ್ನ ಅಂಗೈಯಿಂದ ಎಷ್ಟು ಸಲ ತಿಕ್ಕಿ ತೆಗೆದವಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳುವ ಬಾಯಿ ಅವಳಿಗಿರಲಿಲ್ಲ. ಹುಡುಗಿಯನ್ನೂ ಹಾಗೆಯೇ ಬಟ್ಟೆಯಲ್ಲಿ ಸುತ್ತಿಟ್ಟಳು ಎಂದು ಈಗ ನನಗೆ ಅನ್ನಿಸುತ್ತದೆ, ಕೈ ಹಾಕಿದರೆ ಎಲ್ಲಿ ಅವನದ್ದು ಅಳಿಸಿಹೋಗುತ್ತದೋ ಎಂದು. ಅಂಗಡಿಯವನು ಬೆಲೆ ಹೇಳಿದ. ಕೊಡಲಿಕ್ಕಲ್ಲ ಎಂದು ಎದ್ದು ಬಂದೆವು.

ಮುಂದಿನ ಗುರುವಾರ ಸಂಜೆ ಫೋನು ಮಾಡಿದೆವು. ಅಲ್ಲಿ ಶುಕ್ರವಾರ ಬೆಳಗು, ಚಂದು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ಎಲ್ಲ ಹೇಳಿದೆ. ಮಾರ್ಕು, ಬೆಳಕು, ಹೆಬ್ಬೆಟ್ಟು, ಗಾಯದ ಗೆರೆ. ವಸಂತಿ ರೂಪಾಯಿಯನ್ನು ಕ್ಯಾಮೆರಾದ ಹತ್ತಿರ ಹಿಡಿದು ತೋರಿಸಿದಳು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ನಿನ್ನದೊಂದೇ ಸರಿಯಾಗಿ ಉಳಿದದ್ದು, ಅಮ್ಮ ನಿನ್ನದನ್ನೇ ಕಾದು ಇಟ್ಟದ್ದು ಎಂದೆ. ಅವಳು ಅಳುತ್ತಾಳೆ, ಗಂಟು ಬಿಚ್ಚುತ್ತದೆ ಎಂದು ನಾನು ಕಾದೆ. ಅವಳು ಅಳಲಿಲ್ಲ.

"ಅಪ್ಪಯ್ಯನ ಮುಖ ಕಂಡವಳಲ್ಲ ನಾನ್. ಅಮ್ಮನ ಕೈ ಕಂಡವಳ್. ಅದ್ ನನ್ ಮೇಲ್ ಬೀಳ್ಲಿಲ್ಲ."

ನಾನು ವಸಂತಿಯ ಕೈಯಿಂದ ರೂಪಾಯಿ ತೆಗೆದು ಬಟ್ಟೆಯಲ್ಲಿ ಸುತ್ತತೊಡಗಿದೆ.

"ಅಕ್ಕ, ಹುಳಿ ಇತ್ತಾ ಅಲ್ಲಿ?"

"ಇತ್ತ್," ಎಂದು ಅಡುಗೆಮನೆಯ ಕಡೆ ಕೈ ತೋರಿಸಿದೆ.

"ಇವತ್ತ್ ಗುರುವಾರ ಅಲ್ದಾ ನಿಂಗೆ. ತಿಕ್ಕ್."

"ಅಪ್ಪಯ್ಯನ ಗುರ್ತ್ ಹೋತ್ ಚಂದು."

"ಹೋಯ್ಲಿ. ನೀ ತಿಕ್ಕ್. ನಾ ಕಾಣ್ತೆ."

ವಸಂತಿ ನನ್ನ ಕೈ ಹಿಡಿದಳು. ಅಮ್ಮಾ ಬೇಡ, ಒಂದ್ಸಲ ತಿಕ್ಕಿದ್ರೆ ಮತ್ತೆ ಸರಿ ಮಾಡಕ್ಕಾಗಲ್ಲ ಎಂದಳು. ಅವಳ ಕೆಲಸವೇ ಗೀರು ನೋಡುವುದು, ಅವಳಿಗೆ ಗೊತ್ತು. ನನಗೂ ಗೊತ್ತಿತ್ತು. ಅಪ್ಪಯ್ಯನ ಮುಖ ನೆನಪಿರುವವಳು ಈ ಭೂಮಿಯ ಮೇಲೆ ನಾನೊಬ್ಬಳೇ, ಅವನದ್ದೆಂದು ಉಳಿದದ್ದು ಆ ಗುರುತೊಂದೇ. ಆದರೆ ರೂಪಾಯಿ ನನ್ನದಲ್ಲ. ಹುಳಿ ನೆನೆಸಿದೆ. ಇಲ್ಲಿ ಒಲೆಬೂದಿ ಎಲ್ಲಿಂದ ಬರಬೇಕು, ಊದುಬತ್ತಿಯ ಬೂದಿ ಬಳಿದು ತೆಗೆದುಕೊಂಡೆ. ನಾಲ್ಕನ್ನೂ ಸಿಂಕಿನ ಪಕ್ಕ ಇಟ್ಟುಕೊಂಡೆ. ವಸಂತಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ತಾನು ಪಕ್ಕದ ಕೋಣೆಗೆ ಹೋದಳು. ಚಂದುವಿನದನ್ನು ಎಡಗೈಯಲ್ಲಿ ಇಟ್ಟು ಹೆಬ್ಬೆರಳು ಊರಿದೆ. ಗುಂಡಗೆ, ಗುಂಡಗೆ. ಮೊದಲು ನೇರಳೆ ಹೋಯಿತು, ಆಮೇಲೆ ಕಪ್ಪು. ಅಂಗಡಿಯವನು ಬೆಳ್ಳಿಯೊಳಗೆ ಕೂತಿದೆ ಎಂದಿದ್ದನಲ್ಲ, ಹೋಗಲಿಕ್ಕಿಲ್ಲ ಎಂದು ಒಂದು ಆಸೆ ಇತ್ತು. ಹೋಯಿತು. ಬಚ್ಚಲಿನಲ್ಲಿ ಅವಳ ಬೆನ್ನು ಉಜ್ಜುವಾಗ ಇಲ್ಲದ ಬಲ ಈಗ ಮುದಿಗೈಗೆ ಎಲ್ಲಿಂದ ಬಂತೋ. ಫೋನಿನಲ್ಲಿ ಅವಳು ನೋಡುತ್ತಿದ್ದಳು, ಚಿಕ್ಕವಳಿದ್ದಾಗ ಹಿತ್ತಿಲಿನ ಕಲ್ಲಿನ ಹತ್ತಿರ ಕೂತು ನೋಡುತ್ತಿದ್ದ ಹಾಗೆ.

ಉಳಿದ ಮೂರನ್ನೂ ತಿಕ್ಕಿ, ತೊಳೆದು, ಸೆರಗಿನಲ್ಲಿ ಒರೆಸಿ ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಒಂದೇ ಹೊಳಪು. ತಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದೆ.

"ನನ್ನದ್ ಯಾವ್ದ್?"

ನೋಡಿದೆ. ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿ ನಿಂತದ್ದು ಅವಳದ್ದು, ಕುರುಡಿಗೂ ಕಾಣುವ ಹಾಗಿತ್ತು. ಅಮ್ಮನ ಅಷ್ಟು ವರ್ಷದ ಗುರುವಾರಗಳನ್ನು ಒಂದು ಸಂಜೆಯಲ್ಲಿ ತಿಕ್ಕಲಿಕ್ಕೆ ಯಾರಿಗೆ ಆಗುತ್ತದೆ? ಬಾಯಿಗೆ ಬಂದದ್ದನ್ನು ಇದ್ದ ಹಾಗೆ ಹೇಳಿಬಿಡುವವಳು ನಾನು.

"ಗೊತ್ತಾತಿಲ್ಲೆ ಚಂದು," ಎಂದೆ. "ನಾಲ್ಕೂ ಒಂದೇ ಕಾಣ್ತ್."

"ಅಷ್ಟ್ ಸಾಕ್," ಎಂದಳು ಅವಳು. ದಿಂಬಿಗೆ ತಲೆ ಕೊಟ್ಟಳು. ಕುಂಕುಮ ಇಡುವುದನ್ನು ಮರೆಯಬೇಡ ಎಂದಳು.

ಮಳೆಗಾಲ ಹಿಡಿಯುವ ಮುಂಚೆ ಅವಳು ಹೋದಳು. ನಾನು ಗುರುವಾರ ಬಿಟ್ಟಿಲ್ಲ. ಅವಳದ್ದನ್ನು ಸ್ವಲ್ಪ ಹೆಚ್ಚೇ ಹೊತ್ತು ತಿಕ್ಕುತ್ತೇನೆ. ಕೂದಲು ಇನ್ನೂ ಸವೆದಿಲ್ಲ.